ಹಳೆಯ ರಿಪೇರಿ ಇರುವ ಸೀಮೆಎಣ್ಣೆ ದೀಪ: ಏನನ್ನು ಮುಟ್ಟಬಾರದು, ಏನನ್ನು ಬಿಚ್ಚಲೇಬೇಕು

ನೂರು ವರ್ಷ ದಾಟಿದ ಸೀಮೆಎಣ್ಣೆ ದೀಪ ಒಂದಾದರೂ ರಿಪೇರಿ ಕಾಣದೆ ಉಳಿದಿರುವುದು ಅಪರೂಪ. ವಿದ್ಯುತ್ ಬರುವ ತನಕ ಅದು ದಿನಾ ಸಂಜೆ ಕೈಗೆತ್ತಿಕೊಳ್ಳುವ ಸಾಮಾನಾಗಿತ್ತು. ಕುತ್ತಿಗೆಯ ಪಟ್ಟಿ ಅಲ್ಲಾಡಿದರೆ ಪ್ಲಾಸ್ಟರ್ ತುಂಬಿದರು, ತಳ ಜಿನುಗಿದರೆ ಬೆಸುಗೆ ಇಟ್ಟರು, ಬತ್ತಿ ಹಿಡಿದು ಉರಿಸುವ ಭಾಗವಾದ ಬರ್ನರ್ ಕಳೆದರೆ ಸಿಕ್ಕಿದ್ದನ್ನು ಹೇಗೋ ಕೂರಿಸಿದರು. ಆಮೇಲೆ ಕೆಲವರು ಬಲ್ಬು ಹಾಕಲು ತೂತು ಕೊರೆದರು.

ಇಂಥ ದೀಪ ಕೈಗೆ ಬಂದಾಗ ಮೊದಲು ತೀರ್ಮಾನಿಸಬೇಕಾದದ್ದು ಅದನ್ನು ಹಚ್ಚುತ್ತೀರೋ, ಸುಮ್ಮನೆ ಇಡುತ್ತೀರೋ ಎಂಬುದನ್ನು. ಇಡುವುದಾದರೆ ಹಳೆಯ ರಿಪೇರಿಗಳಲ್ಲಿ ಹೆಚ್ಚಿನವನ್ನು ಮುಟ್ಟುವ ಅಗತ್ಯವೇ ಇಲ್ಲ; ಅವೂ ದೀಪದ ಚರಿತ್ರೆಯೇ. ಹಚ್ಚುವುದಾದರೆ ಎಣ್ಣೆಗೂ ಬೆಂಕಿಗೂ ತಾಗುವ ಪ್ರತಿ ರಿಪೇರಿಯನ್ನೂ ಅನುಮಾನದಿಂದ ನೋಡಬೇಕು. ಈ ತೀರ್ಮಾನ ಆಗದೆ ಸ್ಕ್ರೂಡ್ರೈವರ್ ಹಿಡಿದವರೇ ಒಳ್ಳೆಯ ದೀಪಗಳನ್ನು ಹಾಳು ಮಾಡುವುದು.

ಬಿಚ್ಚುವ ಮೊದಲು ನೋಡುವುದು

ಬೇಕಾಗುವ ಸಲಕರಣೆ ಕಡಿಮೆ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, 365 ನ್ಯಾನೋಮೀಟರಿನ ಅತಿನೇರಳೆ ಟಾರ್ಚು, ಸಣ್ಣ ಅಯಸ್ಕಾಂತ, ವರ್ನಿಯರ್ ಕ್ಯಾಲಿಪರ್, ಬಿಳಿ ಕಾಗದ. ದೀಪವನ್ನು ಒರೆಸುವ ಮೊದಲೇ ನಾಲ್ಕೂ ಕಡೆಯಿಂದ ಮತ್ತು ತಳದಿಂದ ಫೋಟೋ ತೆಗೆದಿಡಿ. ಎಣ್ಣೆ ಜಿನುಗಿದ ದಾರಿ ಧೂಳು ಅಂಟಿದ ಗೆರೆಯಾಗಿ ಕಾಣುತ್ತಿರುತ್ತದೆ. ಒರೆಸಿದರೆ ಆ ಸಾಕ್ಷಿಯೂ ಹೋಗುತ್ತದೆ.

ಕತ್ತಲೆ ಕೋಣೆಯಲ್ಲಿ ಟಾರ್ಚು ಹಾಯಿಸಿದರೆ ಬರಿಗಣ್ಣಿಗೆ ಕಾಣದ ರಿಪೇರಿಗಳು ಎದ್ದು ಬರುತ್ತವೆ. ಅರಗು ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಇತ್ತೀಚಿನ ಎಪಾಕ್ಸಿ ಅಂಟು ಸಾಮಾನ್ಯವಾಗಿ ಹಾಲುನೀಲಿಯಾಗಿ ಹೊಳೆಯುತ್ತದೆ. ಇಡೀ ಗಾಜೇ ಢಾಳಾದ ಹಸಿರಾಗಿ ಉರಿದಂತೆ ಕಂಡರೆ ಗಾಬರಿ ಬೇಡ: ಅದು ಯುರೇನಿಯಂ ಬೆರೆಸಿದ ಗಾಜು, ರಿಪೇರಿ ಅಲ್ಲ. ಮಂಕು ಹಸಿರಾದರೆ ಮ್ಯಾಂಗನೀಸ್ ಇರಬಹುದು.

ಅಯಸ್ಕಾಂತವನ್ನು ಕಂಬದ ಉದ್ದಕ್ಕೂ ತಳಕ್ಕೂ ತಾಗಿಸಿ ನೋಡಿ. ಹಿತ್ತಾಳೆಗೆ ಅಂಟುವುದಿಲ್ಲ. ಅಂಟಿದ ಕಡೆ ಒಳಗೆ ಕಬ್ಬಿಣದ ಸರಳು ಇದೆ, ಇಲ್ಲವೇ ಹಿತ್ತಾಳೆ ಬಣ್ಣ ಹೊದಿಸಿದ ತಗಡು ಇದೆ. ಬಿಳಿಚಿದ ಬೂದು ಲೋಹ ಒಡೆದ ಕಡೆ ಹರಳು ಹರಳಾಗಿ ಕಂಡರೆ ಅದು ಸತುವಿನ ಎರಕ. ಇದನ್ನು ಈಗಲೇ ಗುರುತು ಮಾಡಿಕೊಳ್ಳಿ, ಬೆಸುಗೆಯ ಹೊತ್ತಿಗೆ ಬೇಕಾಗುತ್ತದೆ.

ಗಾಜಿನ ಬುಡ್ಡಿಯ ಮೇಲಿನ ಗೆರೆಗಳಲ್ಲಿ ಅಚ್ಚಿನ ಗೆರೆ ಯಾವುದು, ಬಿರುಕು ಯಾವುದು ಎಂದು ಗೊಂದಲವಾಗುತ್ತದೆ. ಅಚ್ಚಿನ ಗೆರೆ ಉಗುರಿಗೆ ಉಬ್ಬಾಗಿ ತಗುಲುತ್ತದೆ, ಎದುರುಬದುರಾಗಿ ನೆಟ್ಟಗೆ ಇರುತ್ತದೆ. ಬಿರುಕು ಉಗುರಿಗೆ ಸಿಗದಿರಬಹುದು, ಆದರೆ ದೀಪವನ್ನು ಬೆಳಕಿಗೆ ಓರೆ ಮಾಡಿ ತಿರುಗಿಸುತ್ತಿದ್ದರೆ ಒಂದು ಕೋನದಲ್ಲಿ ಕನ್ನಡಿಯ ತುಣುಕಿನಂತೆ ಫಳಕ್ಕೆಂದು ಹೊಳೆಯುತ್ತದೆ. ಎಣ್ಣೆ ತುಂಬುವ ಗಾಜಿನಲ್ಲಿ ಇಂಥ ಒಂದೇ ಒಂದು ಬಿರುಕು ಇದ್ದರೂ ಆ ದೀಪ ಪ್ರದರ್ಶನಕ್ಕೆ ಮಾತ್ರ. ಬಿರುಕಿಗೆ ಅಂಟು ಇಳಿಸಿ ಮತ್ತೆ ಹಚ್ಚಬಹುದು ಎಂಬ ಸಲಹೆ ಎಲ್ಲಿ ಕಂಡರೂ ನಂಬಬೇಡಿ.

ಕಾಲರ್: ಹೆಚ್ಚಿನ ತೊಂದರೆ ಇಲ್ಲೇ

ಗಾಜಿನ ಬುಡ್ಡಿಯ ಕುತ್ತಿಗೆಗೆ ಕೂರಿಸಿದ, ಒಳಗೆ ಮರೆ (ತಿರುಪಿನ ಸುತ್ತುಗೆರೆ, ಥ್ರೆಡ್) ಇರುವ ಹಿತ್ತಾಳೆ ಉಂಗುರವೇ ಕಾಲರ್. ಬರ್ನರ್ ಇದರೊಳಗೆ ತಿರುಗಿ ಕೂರುತ್ತದೆ. ಗಾಜಿಗೂ ಹಿತ್ತಾಳೆಗೂ ನಡುವಿನ ಸಂದಿಗೆ ಕಾರ್ಖಾನೆಯಲ್ಲೇ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬುತ್ತಿದ್ದರು. ಪ್ಲಾಸ್ಟರ್ ಸಣ್ಣ ಸಣ್ಣ ರಂಧ್ರಗಳ ವಸ್ತು. ದಶಕಗಟ್ಟಲೆ ಎಣ್ಣೆ ಹೀರಿ, ಬಿಸಿಗೂ ತಂಪಿಗೂ ಸಿಕ್ಕಿ ಪುಡಿಯಾಗುತ್ತದೆ.

ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಕಾಲರ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಡಿದರೂ, ಕೆಳಗಿಟ್ಟ ಬಿಳಿ ಕಾಗದದ ಮೇಲೆ ಪುಡಿ ಉದುರಿದರೂ ಅದನ್ನು ತೆಗೆದು ಮತ್ತೆ ಕೂರಿಸಬೇಕು. ಅಲ್ಲಾಡದೆ ಗಟ್ಟಿಯಾಗಿದ್ದರೆ, ಪ್ಲಾಸ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೂ, ಬಿಟ್ಟುಬಿಡಿ.

ಹಿಂದಿನವರು ಮರುಜೋಡಣೆಗೆ ಬಳಸಿದ ವಸ್ತು ಯಾವುದೆಂದು ತಿಳಿದರೆ ಬಿಚ್ಚುವ ದಾರಿಯೂ ತಿಳಿಯುತ್ತದೆ. ಬಿಳಿಯಾಗಿ ಪುಡಿಪುಡಿಯಾದರೆ ಪ್ಲಾಸ್ಟರ್. ಅರೆಪಾರದರ್ಶಕವಾಗಿ ಗಾಜಿನ ಚೂರಿನಂತೆ ಸಿಡಿದರೆ ಪಟಿಕ, ಅಂದರೆ ಆಲಂ. ಅದನ್ನು ಕರಗಿಸಿ ಹೊಯ್ದು ಕಾಲರ್ ಕೂರಿಸುವ ರೂಢಿಯಿತ್ತು, ಅದು ಬಿಸಿನೀರಿಗೆ ಬೇಗ ಕರಗುತ್ತದೆ. ಕಂದುಗಪ್ಪಾಗಿದ್ದು ಸ್ಪಿರಿಟ್ ಹತ್ತಿಗೆ ಅಂಟಂಟಾದರೆ ಅರಗು. ಹಳದಿಬೂದು ಬಣ್ಣದ, ಕಲ್ಲಿನಂಥ, ಯಾವುದಕ್ಕೂ ಜಗ್ಗದ ತುಂಬಿಕೆ ಸೀಸದ ಆಕ್ಸೈಡನ್ನು ಗ್ಲಿಸರಿನ್‌ನಲ್ಲಿ ಕಲಸಿದ ಗಾರೆ ಇರಬಹುದು. ಅದನ್ನು ಉಜ್ಜಿ ಪುಡಿ ಎಬ್ಬಿಸಬೇಡಿ, ಸೀಸ ವಿಷ. ಗಟ್ಟಿಯಾಗಿದ್ದರೆ ಹಾಗೇ ಇರಲಿ.

ಪ್ಲಾಸ್ಟರ್ ಅಥವಾ ಪಟಿಕದ ಕಾಲರ್ ತೆಗೆಯುವ ಕ್ರಮ ಹೀಗಿದೆ. ಬುಡ್ಡಿಯ ಎಣ್ಣೆ ಪೂರ್ತಿ ಖಾಲಿ ಮಾಡಿ, ಸೋಪುನೀರಲ್ಲಿ ಒಳಗೆ ಎರಡು ಬಾರಿ ತೊಳೆಯಿರಿ. ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಬಟ್ಟೆ ಹಾಸಿ, ದೀಪವನ್ನು ತಲೆಕೆಳಗಾಗಿ ಆಸರೆ ಕೊಟ್ಟು ನಿಲ್ಲಿಸಿ, ಕಾಲರ್ ಮುಳುಗುವಷ್ಟು ಕೋಣೆಯ ಉಷ್ಣತೆಯ ನೀರು ಹಾಕಿ. ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಬಿಸಿನೀರು ಬೆರೆಸುತ್ತ ಸುಮಾರು 45 ಡಿಗ್ರಿಗೆ ತನ್ನಿ. ಒಮ್ಮೆಲೇ ಬಿಸಿನೀರು ಹೊಯ್ದರೆ ದಪ್ಪ ಗಾಜು ಟಪ್ಪೆಂದು ಸೀಳುತ್ತದೆ. ಪಟಿಕವಾದರೆ ಒಂದೆರಡು ಗಂಟೆ, ಪ್ಲಾಸ್ಟರ್ ಆದರೆ ಒಂದೆರಡು ದಿನವೂ ಬೇಕಾಗಬಹುದು. ನಡುನಡುವೆ ನೀರು ಬದಲಿಸಿ, ಬಿದಿರು ಕಡ್ಡಿಯಿಂದ ಮೆತ್ತಗಾದ ಭಾಗ ಕೆದಕುತ್ತ ಹೋಗಿ. ಕಾಲರನ್ನು ಇಕ್ಕಳದಲ್ಲಿ ಹಿಡಿದು ತಿರುಚಬೇಡಿ, ಮೊದಲು ಮುರಿಯುವುದು ಗಾಜಿನ ಕುತ್ತಿಗೆ. ಸಾಕಷ್ಟು ನೆನೆದ ಕಾಲರ್ ಬೆರಳಲ್ಲೇ ಕಳಚಿ ಬರುತ್ತದೆ.

ಮತ್ತೆ ಕೂರಿಸಲು ಎಪಾಕ್ಸಿ ಸುಲಭ, ಹಾಗಾಗಿ ಅನೇಕರು ಅದನ್ನೇ ಬಳಸುತ್ತಾರೆ. ನಮ್ಮ ಆಯ್ಕೆ ಈಗಲೂ ಪ್ಲಾಸ್ಟರ್. ಬಿಸಿಯಾದಾಗ ಹಿತ್ತಾಳೆ ಮಾಮೂಲಿ ಗಾಜಿಗಿಂತ ಸರಿಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಡುವಿನ ತುಂಬಿಕೆ ಗಾಜಿಗಿಂತ ದುರ್ಬಲವಾಗಿದ್ದರೆ ಆ ಎಳೆತಕ್ಕೆ ತುಂಬಿಕೆ ಪುಡಿಯಾಗುತ್ತದೆ, ಗಾಜು ಉಳಿಯುತ್ತದೆ. ಎಪಾಕ್ಸಿ ಬಿಗಿಯಾಗಿ ಹಿಡಿದುಕೊಂಡು ಎಳೆತವನ್ನೆಲ್ಲ ಕುತ್ತಿಗೆಗೆ ದಾಟಿಸುತ್ತದೆ. ಸಾಲದ್ದಕ್ಕೆ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಮುಂದೆ ಯಾರಾದರೂ ಅದನ್ನು ಬಿಚ್ಚಬೇಕಾದರೆ ಅವರ ಪಾಡು ಬೇರೆ.

ಒಂದು ಕಾಲರಿಗೆ 20 ಮಿಲಿಲೀಟರ್ ನೀರು, 30 ಗ್ರಾಂ ಪ್ಲಾಸ್ಟರ್ ಸಾಕು. ಮೊದಲು ಬುಡ್ಡಿಯ ಬಾಯಿಗೆ ಬಟ್ಟೆಯ ಸುರುಳಿ ತುರುಕಿ, ಪ್ಲಾಸ್ಟರ್ ಒಳಗೆ ಬೀಳದಂತೆ ಮಾಡಿ. ಕಾಲರಿನ ಮರೆಗೆ ವ್ಯಾಸಲೀನ್ ಸವರಿ ಬರ್ನರನ್ನು ತಿರುಗಿಸಿ ಇಡಿ. ಕಾಲರ್ ವಾಲಿ ಕೂತರೆ ಚಿಮಣಿ ಗಾಜೂ ವಾಲುತ್ತದೆ, ಬರ್ನರ್ ಇದ್ದರೆ ವಾಲಿದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ನೀರಿನ ಮೇಲೆ ಪ್ಲಾಸ್ಟರನ್ನು ಉದುರಿಸಿ, ಒಂದು ನಿಮಿಷ ನೆನೆಯಲು ಬಿಟ್ಟು, ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ. ಕಾಲರಿನ ಒಳಗೆ ಸುತ್ತಲೂ ತುಂಬಿ ಕುತ್ತಿಗೆಯ ಮೇಲೆ ಒತ್ತಿ. ಎದುರಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ ನೆಟ್ಟಗೆ ಮಾಡಿ. ಇಷ್ಟಕ್ಕೆಲ್ಲ ಸಿಗುವುದು ಏಳೆಂಟು ನಿಮಿಷ. ಗಟ್ಟಿಯಾಗಲು ಶುರುವಾದ ಮೇಲೆ ಸರಿಪಡಿಸಲು ಹೋದರೆ ಹಿಡಿತ ಹೋಗುತ್ತದೆ; ಆಗ ಕಿತ್ತುಹಾಕಿ ಹೊಸದಾಗಿ ಕಲಸುವುದೇ ಮೇಲು. ಅರೆ ಒಣಗಿದ ಪ್ಲಾಸ್ಟರಿಗೆ ನೀರು ಸೇರಿಸಿ ಮತ್ತೆ ತೆಳ್ಳಗೆ ಮಾಡಿಕೊಂಡರೆ ಅದು ಎಂದೂ ಗಟ್ಟಿಯಾಗದು.

ಒಂದು ಗಂಟೆಯ ನಂತರ ಬರ್ನರ್ ಬಿಚ್ಚಿ ತೆಗೆದು, ಬಟ್ಟೆಯನ್ನೂ ಎಳೆದು, 48 ಗಂಟೆ ಒಣಗಲು ಬಿಡಿ. ಬೇಗ ಒಣಗಲೆಂದು ಒಲೆಯ ಹತ್ತಿರ ಇಡಬೇಡಿ. ಚೆನ್ನಾಗಿ ಒಣಗಿದ ಮೇಲೆ ಒಳಗಡೆ ಎಣ್ಣೆಗೆ ತೆರೆದುಕೊಂಡ ಪ್ಲಾಸ್ಟರಿನ ಅಂಚಿಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಎರಡು ಬಾರಿ ಬಳಿಯಿರಿ, ನಡುವೆ ಒಂದು ದಿನದ ಬಿಡುವಿರಲಿ. ಅರಗು ಸ್ಪಿರಿಟ್‌ಗೆ ಕರಗುತ್ತದೆ, ಸೀಮೆಎಣ್ಣೆಗೆ ಕರಗುವುದಿಲ್ಲ. ಈ ಪದರ ಇದ್ದರೆ ಪ್ಲಾಸ್ಟರ್ ಎಣ್ಣೆ ಹೀರುವುದು ಬಹಳ ಕಡಿಮೆಯಾಗುತ್ತದೆ.

ಹಿತ್ತಾಳೆ ಬುಡ್ಡಿಯ ಬೆಸುಗೆ

ಲೋಹದ ಬುಡ್ಡಿಯಲ್ಲಿ ಮಂಕು ಬೂದು ಬಣ್ಣದ ಗೆಡ್ಡೆ ಕಂಡರೆ ಅದು ಸೀಸ–ತವರದ ಮೆದು ಬೆಸುಗೆ. ಅಂದವಿಲ್ಲದ ಬೆಸುಗೆ ಕೆಟ್ಟ ಬೆಸುಗೆಯೇ ಆಗಿರಬೇಕಿಲ್ಲ. ಜಿನುಗದಿದ್ದರೆ ಅದನ್ನು ಅರದಲ್ಲಿ ಉಜ್ಜಿ ಚಂದ ಮಾಡಲು ಹೋಗಬೇಡಿ.

ಜಿನುಗುತ್ತದೋ ಇಲ್ಲವೋ ನೋಡಲು ಸೀಮೆಸುಣ್ಣದ ಪುಡಿಯನ್ನು ನೀರಲ್ಲಿ ತೆಳ್ಳಗೆ ಕಲಸಿ, ಬೆಸುಗೆಯ ಸುತ್ತ ಹೊರಮೈಗೆ ಬಳಿದು ಒಣಗಿಸಿ. ಒಳಗೆ ಸೀಮೆಎಣ್ಣೆ ತುಂಬಿ, ಬೆಂಕಿಯಿಂದ ದೂರ, ಬಿಳಿ ಕಾಗದ ಹಾಸಿದ ತಟ್ಟೆಯಲ್ಲಿ 24 ಗಂಟೆ ಇಡಿ. ಸೂಜಿಮೊನೆಯಷ್ಟು ತೂತಿದ್ದರೂ ಸುಣ್ಣದ ಮೇಲೆ ಕಪ್ಪಾದ ಒದ್ದೆ ಕಲೆ ಮೂಡುತ್ತದೆ. ನೀರು ತುಂಬಿ ನೋಡುವುದು ಸಾಲದು. ಸೀಮೆಎಣ್ಣೆಯ ಮೇಲ್ಮೈ ಎಳೆತ ನೀರಿಗಿಂತ ಎಷ್ಟೋ ಕಡಿಮೆ, ಹಾಗಾಗಿ ನೀರು ನಿಂತ ಕಡೆಯೂ ಅದು ನುಸುಳುತ್ತದೆ.

ಬೆಸುಗೆಯ ಸುತ್ತ ಹಸಿರು ಕಿಲುಬಿನ ಉಂಗುರವಿದ್ದರೆ ಹಿಂದೆ ಬಳಸಿದ ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಲೋಹಕ್ಕೆ ಹಚ್ಚುವ ವಸ್ತು) ತೊಳೆಯದೆ ಉಳಿದಿದೆ, ಇನ್ನೂ ತಿನ್ನುತ್ತಿದೆ ಎಂದರ್ಥ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ, ಮೆದು ಬ್ರಷ್ಷಿನಲ್ಲಿ ಉಜ್ಜಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು ಒಣಗಿಸಿ.

ಕಾಲರಿನಿಂದ ಕೆಳಕ್ಕೆ, ಅಥವಾ ಬುಡ್ಡಿ ಮಡಚಿಕೊಂಡ ಅಂಚಿನಲ್ಲಿ, ಕೂದಲಿನಂಥ ಸೀಳುಗಳು ಇದ್ದರೆ ವಿಷಯ ಗಂಭೀರ. ಹಿತ್ತಾಳೆ ತಗಡನ್ನು ಒತ್ತಿ ತಿರುಗಿಸಿ ಆಕಾರ ಕೊಡುವಾಗ ಒಳಗೆ ಬಿಗಿತ ಉಳಿಯುತ್ತದೆ. ಅಮೋನಿಯಾ ತಾಗಿದರೆ ಆ ಬಿಗಿತವಿದ್ದ ಕಡೆ ಲೋಹ ತಾನಾಗೇ ಸೀಳುತ್ತದೆ. ಬ್ರಿಟಿಷ್ ಸೈನ್ಯ ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳ ಬಳಿ ಇಟ್ಟಿದ್ದ ಹಿತ್ತಾಳೆ ತೋಟಾಗಳು ಹೀಗೇ ಸೀಳಿದ್ದವು. ಕಾರಣ ಕುದುರೆ ಮೂತ್ರದ ಅಮೋನಿಯಾ. ಇಂಥ ಸೀಳಿನ ಮೇಲೆ ಬೆಸುಗೆ ಇಟ್ಟರೆ ಅದರ ತುದಿಯಿಂದ ಸೀಳು ಮುಂದೆ ಓಡುತ್ತದೆ. ಒಂದೇ ಬುಡ್ಡಿಯಲ್ಲಿ ಹಳೆಯ ಬೆಸುಗೆ ತೇಪೆಗಳು ಮೂರು ನಾಲ್ಕು ಸಾಲಾಗಿ ಕಂಡರೆ ಇದೇ ಕಥೆ, ಐದನೆಯದನ್ನು ಹಾಕಬೇಡಿ. ಮತ್ತು ಅಮೋನಿಯಾ ಇರುವ ಪಾಲಿಶ್ ಅಥವಾ ಗಾಜು ಒರೆಸುವ ದ್ರಾವಣ ಹಿತ್ತಾಳೆ ದೀಪದ ಹತ್ತಿರಕ್ಕೂ ಬರಬಾರದು. ಹುಳಿಯಲ್ಲಿ ನೆನೆಹಾಕಿ ಫಳಫಳ ಮಾಡುವುದೂ ಬೇಡ: ಹಳೆಯ ಮೆರುಗೆಣ್ಣೆ ಕಿತ್ತುಹೋಗುತ್ತದೆ, ಲೋಹ ಅಲ್ಲಲ್ಲಿ ತಾಮ್ರದ ಕೆಂಪಿಗೆ ತಿರುಗುತ್ತದೆ.

ಒಂಟಿ ತೂತಿಗೆ ಹೊಸ ಬೆಸುಗೆ ಇಡಲೇಬೇಕಾದರೆ ಮೊದಲ ಕೆಲಸ ಆವಿ ತೆಗೆಯುವುದು. ಎಣ್ಣೆ ಇದ್ದ ಬುಡ್ಡಿ ಖಾಲಿ ಕಂಡರೂ ಒಳಗೆ ಹೊತ್ತಿಕೊಳ್ಳುವ ಆವಿ ಇರುತ್ತದೆ. ಬಿಸಿ ಸೋಪುನೀರಲ್ಲಿ ಹಲವು ಬಾರಿ ತೊಳೆದು, ತೂತು ಮೇಲೆ ಬರುವಂತೆ ಓರೆ ಮಾಡಿ, ತೂತಿನ ಕೆಳಗಿನವರೆಗೆ ನೀರು ತುಂಬಿ, ಬಾಯಿ ತೆರೆದೇ ಇಟ್ಟು ಕೆಲಸ ಮಾಡಿ. ಬೆಸುಗೆ ಕಾಯಿಸಲು ಬೆಸುಗೆ ಕಬ್ಬಿಣ (ಸೋಲ್ಡರಿಂಗ್ ಐರನ್) ಮಾತ್ರ, ಗ್ಯಾಸ್ ಜ್ವಾಲೆ ಬೇಡ. ಹಳೆಯ ಸೀಸ–ತವರದ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ. ಜ್ವಾಲೆ ಹಿಡಿದರೆ ಬುಡ್ಡಿಯ ಬೇರೆ ಬೆಸುಗೆಗಳೂ ಕಳಚುತ್ತವೆ. ಪಕ್ಕದಲ್ಲಿ ಸತುವಿನ ಎರಕವಿದ್ದರೆ ಅದು 400 ಡಿಗ್ರಿಯ ಆಸುಪಾಸಿನಲ್ಲಿ ಸದ್ದಿಲ್ಲದೆ ಕುಸಿದುಬಿಡುತ್ತದೆ, ಕರಗುವ ಮುನ್ನ ಬಣ್ಣ ಬದಲಿಸಿ ಎಚ್ಚರಿಸುವ ಜಾತಿಯದಲ್ಲ.

ಕಂಬ, ಪಿಂಗಾಣಿ, ಕೊರೆದ ತೂತು

ದೀಪ ಬುಡದಲ್ಲಿ ಅಲ್ಲಾಡಿದರೆ ತಳ ತಿರುಗಿಸಿ ನಟ್ಟು ನೋಡಿ. ಒಳಗಿನ ಕಬ್ಬಿಣದ ಸರಳಿನ ಸುತ್ತ ಹಿಂದೆ ಪ್ಲಾಸ್ಟರ್ ತುಂಬಿದ್ದರೆ ನಟ್ಟು ಬಿಗಿ ಮಾಡುವ ಆಸೆ ಬಿಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಆ ಒತ್ತಡಕ್ಕೆ ಗಾಜಿನ ಅಥವಾ ಕಲ್ಲಿನ ಕಂಬ ಆಗಲೇ ಒಳಗಿಂದ ಬಿರಿದಿರಬಹುದು. ಚರ್ಮದ ಅಥವಾ ಕಾರ್ಕಿನ ತೆಳು ವಾಷರ್ ಕೊಟ್ಟು ಬೆರಳಲ್ಲಿ ತಿರುಗುವಷ್ಟೇ ಬಿಗಿಸಿ.

ಪಿಂಗಾಣಿ ದೀಪದ ಮೈಮೇಲೆ ಲೋಹದ ಹೊಲಿಗೆಯಂಥ ಕೊಕ್ಕೆಗಳಿದ್ದರೆ ಅದು ಈಗಿನ ಅಂಟುಗಳಿಗಿಂತ ಹಿಂದಿನ ಕಾಲದ ರಿಪೇರಿ. ತೆಗೆಯಬೇಡಿ, ಅದರ ಕೆಲಸಗಾರಿಕೆಯೇ ನೋಡುವಂಥದ್ದು. ಅನೇಕ ಪಿಂಗಾಣಿ ದೀಪಗಳಲ್ಲಿ ಎಣ್ಣೆ ನಿಲ್ಲುವುದು ಒಳಗೆ ಇಳಿಬಿಟ್ಟ ಬೇರೆ ಹಿತ್ತಾಳೆ ಬುಡ್ಡಿಯಲ್ಲಿ. ಹೊರಗಿನ ಬಿರುಕು ಎಣ್ಣೆಗೆ ಸಂಬಂಧಿಸಿದ್ದೇ ಅಲ್ಲ. ಭಾರ ಹೊರುತ್ತದೆಯೇ ಎಂದಷ್ಟೇ ನೋಡಿ.

ವೈರು ಹಾಯಿಸಲು ಬುಡ್ಡಿಯಲ್ಲೇ ತೂತು ಕೊರೆದಿದ್ದರೆ ಅದಕ್ಕೆ ಮತ್ತೆ ಎಣ್ಣೆ ಹಾಕುವ ಮಾತಿಲ್ಲ. ಅಂಟು, ರಬ್ಬರ್ ಬಿರಡೆ ಯಾವುದೂ ಸೀಮೆಎಣ್ಣೆಯ ಮುಂದೆ ಬಹುಕಾಲ ನಿಲ್ಲದು. ವಿದ್ಯುತ್ ದೀಪವಾಗಿಯೇ ಇರಲಿ, ಹಳೆಯ ವೈರು ಮಾತ್ರ ಬದಲಿಸಿ, ತೂತಿನ ಅಂಚಿಗೆ ವೈರು ಉಜ್ಜದಂತೆ ಬಳೆ ಹಾಕಿಸಿ.

ಬರ್ನರ್ ಮತ್ತು ಅಳತೆ

ಅಮೆರಿಕದ ಕ್ರಮದ ಚಪ್ಪಟೆ ಬತ್ತಿಯ ಬರ್ನರುಗಳಲ್ಲಿ ಒಂದನೇ ನಂಬರಿನ ಮರೆಯ ವ್ಯಾಸ ಸುಮಾರು 22 ಮಿಲಿಮೀಟರ್, ಬತ್ತಿಯ ಅಗಲ 16, ಚಿಮಣಿ ಗಾಜಿನ ತಳ 64. ಎರಡನೇ ನಂಬರಿನಲ್ಲಿ ಇವು 32, 25, 76. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹಿಂಕ್ಸ್ ಕಂಪನಿ 1865ರಲ್ಲಿ ತಂದ ಡ್ಯೂಪ್ಲೆಕ್ಸ್ ಬರ್ನರಿಗೆ ಅಕ್ಕಪಕ್ಕ ಎರಡು ಚಪ್ಪಟೆ ಬತ್ತಿ. ಬರ್ಲಿನ್ನಿನ ಕಾಸ್ಮಾಸ್ ಬರ್ನರಿನಲ್ಲಿ ಚಪ್ಪಟೆ ಬತ್ತಿಯೇ ಮೇಲೆ ಹೋಗುತ್ತ ಕೊಳವೆಯಾಗಿ ಸುತ್ತಿಕೊಳ್ಳುತ್ತದೆ, ಅದರ ಚಿಮಣಿಗೆ ಕೆಳಗಡೆ ಒಳಕ್ಕೆ ಕಿರಿದಾದ ಸೊಂಟ ಬೇಕು. ಒಂದರ ಗಾಜು ಇನ್ನೊಂದಕ್ಕೆ ಕೂತಂತೆ ಕಂಡರೂ ಉರಿ ಸರಿಬಾರದು, ಹೊಗೆ ಬರುತ್ತದೆ.

ಹೊಂದದ ಬರ್ನರನ್ನು ಬಿಗಿ ಮಾಡಲು ಮರೆಗೆ ಹತ್ತಿ ದಾರ ಸುತ್ತಿರುವುದು ಮೇಲಿಂದ ಮೇಲೆ ಕಾಣುವ ಹಳೆಯ ಉಪಾಯ. ಇದನ್ನು ನೋಡಿದ ಕೂಡಲೇ ಬಿಚ್ಚಿ. ಆ ದಾರವೂ ಬತ್ತಿಯೇ: ಎಣ್ಣೆಯನ್ನು ಹೀರಿ ಕಾಲರಿನ ಹೊರಗೆ ತರುತ್ತದೆ, ಬೆಂಕಿಯಿಂದ ಒಂದೆರಡು ಬೆರಳಷ್ಟು ದೂರದಲ್ಲಿ. ಸರಿಯಾದ ಅಳತೆಯ ಬರ್ನರ್ ಅಥವಾ ಹಿತ್ತಾಳೆಯ ಅಡಾಪ್ಟರ್ ಉಂಗುರ ಹಾಕಿ.

ಎರಡನೆಯ ಉಪದ್ರವ ಗಾಳಿಯ ದಾರಿ ಮುಚ್ಚಿರುವುದು. ಎಣ್ಣೆ ಖರ್ಚಾದಂತೆ ಬುಡ್ಡಿಯೊಳಕ್ಕೆ ಗಾಳಿ ಬರಲು ಬತ್ತಿಯ ಕೊಳವೆಯ ಪಕ್ಕದಲ್ಲಿ ಸಣ್ಣ ರಂಧ್ರವೋ ಕಿರುಕೊಳವೆಯೋ ಇರುತ್ತದೆ. ಬೆಸುಗೆ ಹಾಕುವಾಗ ಅದು ತುಂಬಿಹೋಗಿದ್ದರೆ ಉರಿ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಕುಗ್ಗುತ್ತದೆ. ಬುಡ್ಡಿ ಬಿಸಿಯಾದರೆ ಆವಿಗೂ ದಾರಿಯಿಲ್ಲ. ಸಣ್ಣ ತಂತಿಯಿಂದ ಬಿಡಿಸಿ. ಬರ್ನರಿನ ಮಸಿ ಮತ್ತು ಜಿಡ್ಡಿಗೆ ಒಂದು ಲೀಟರ್ ನೀರಲ್ಲಿ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ ಇಪ್ಪತ್ತು ನಿಮಿಷ ಕುದಿಸಿದರೆ ಸಾಕು. ಪಾತ್ರೆ ಅಲ್ಯೂಮಿನಿಯಮ್ಮಿನದಾಗಬಾರದು.

ಚಿಮಣಿ ಹಿಡಿಯುವ ಹಲ್ಲುಗಳನ್ನು ಯಾರೋ ಒಳಕ್ಕೆ ಬಗ್ಗಿಸಿ ಬಿಗಿ ಮಾಡಿರುತ್ತಾರೆ. ಗಾಜು ಹಿಗ್ಗಲು ಎಡೆಯಿಲ್ಲದೆ ತಳದಲ್ಲಿ ಸೀಳುತ್ತದೆ. ಗಾಜನ್ನು ಎರಡು ಬೆರಳಲ್ಲಿ ಸಲೀಸಾಗಿ ತಿರುಗಿಸಲು ಬರಬೇಕು, ಅಷ್ಟು ಸಡಿಲ ಮಾಡಿ.

ಮೊದಲ ಸಲ ಹಚ್ಚುವುದು

ಹೊರಗೆ, ಗಾಳಿಯಿಲ್ಲದ ಕಡೆ, ಮರಳು ಹಾಕಿದ ಲೋಹದ ತಟ್ಟೆಯ ಮೇಲೆ. ಬುಡ್ಡಿಗೆ ಅರ್ಧದಷ್ಟೇ ಸೀಮೆಎಣ್ಣೆ. ಪೆಟ್ರೋಲು ಒಂದು ಹನಿ ಬೆರೆತರೂ ಅಪಾಯ. ಹೊಸ ಬತ್ತಿಯ ತುದಿಯನ್ನು ಅಡ್ಡಕ್ಕೆ ನೇರ ಕತ್ತರಿಸಿ, ಎರಡು ಮೂಲೆಗಳನ್ನು ಚೂರು ತೆಗೆದು, ಅರ್ಧ ಗಂಟೆ ನೆನೆಯಲು ಬಿಡಿ. ಒಣ ಬತ್ತಿಗೆ ಕಿಡಿ ತಾಗಿಸಿದರೆ ಎಣ್ಣೆಯ ಬದಲು ಬತ್ತಿಯೇ ಸುಡುತ್ತದೆ. ಸಣ್ಣ ಉರಿಯಲ್ಲಿ ಐದು ನಿಮಿಷ ಬಿಟ್ಟು, ಚಿಮಣಿ ಬೆಚ್ಚಗಾದ ಮೇಲೆ ನಿಧಾನ ಏರಿಸಿ.

ಉರಿಗೆ ಒಂದು ಕೊಂಬು ಎದ್ದರೆ ಬತ್ತಿಯ ಅಂಚು ಸಮವಿಲ್ಲ, ಆರಿಸಿ ಮತ್ತೆ ಕತ್ತರಿಸಿ. ಒಂದೇ ಬದಿಗೆ ವಾಲಿದರೆ ಬತ್ತಿ ಓರೆಯಾಗಿ ಹತ್ತಿದೆ, ಅಥವಾ ಹಲ್ಲಿನ ಚಕ್ರ ಒಂದು ಕಡೆ ಸವೆದಿದೆ. ವಾಸನೆ ಗಾಢವಾಗಿದ್ದರೆ ಕಾಲರಿನ ಸುತ್ತ ಬಿಳಿ ಕಾಗದ ಒತ್ತಿ ನೋಡಿ. ಗಂಟೆಯ ನಂತರ ಬುಡ್ಡಿಗೆ ಅಂಗೈ ಇಡಿ: ಉಗುರುಬೆಚ್ಚಗಿದ್ದರೆ ಸರಿ, ಕೈ ಹಿಂದೆಗೆಯುವಷ್ಟು ಬಿಸಿಯಿದ್ದರೆ ಆರಿಸಿ ಬರ್ನರಿನ ಕೆಳಗಿನ ಜಾಲರಿಯಲ್ಲಿ ಮಸಿ ಕಟ್ಟಿದೆಯೇ ಹುಡುಕಿ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳುವ ಉಷ್ಣತೆ 38 ಡಿಗ್ರಿಯಿಂದ ಶುರುವಾಗುತ್ತದೆ, ಹಾಗಾಗಿ ಬಿಸಿ ಬುಡ್ಡಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹತ್ತಿರ ಒದ್ದೆ ಕಂಬಳಿ ಅಥವಾ ಲೋಹದ ಮುಚ್ಚಳ ಇರಲಿ. ಹೊತ್ತಿದ ಎಣ್ಣೆಗೆ ನೀರು ಎರಚಬೇಡಿ.

ಎರಡು ಗಂಟೆ ಉರಿದು ಪೂರ್ತಿ ತಣ್ಣಗಾದ ಮೇಲೆ ಕಾಲರನ್ನು ಮತ್ತೊಮ್ಮೆ ಅಲ್ಲಾಡಿಸಿ ನೋಡಿ. ಕೋಣೆಯೊಳಗೆ ಹಚ್ಚುವುದು ಅದು ಗಟ್ಟಿಯಾಗಿದ್ದರೆ ಮಾತ್ರ. ಬಳಸದ ದಿನಗಳಲ್ಲಿ ಎಣ್ಣೆ ಖಾಲಿ ಮಾಡಿಡಿ. ಯಾವ ರಿಪೇರಿ ಹಳೆಯದು, ಯಾವುದು ನೀವು ಮಾಡಿದ್ದು, ಯಾವ ವಸ್ತು ಬಳಸಿದಿರಿ, ಯಾವ ತಿಂಗಳು ಎಂದು ಚೀಟಿಯಲ್ಲಿ ಬರೆದು, ಫೋಟೋಗಳ ಜೊತೆ ಲಕೋಟೆಯಲ್ಲಿ ಹಾಕಿ ದೀಪದೊಂದಿಗೇ ಇಡಿ. ಮುಂದೆ ಅದನ್ನು ಬಿಚ್ಚುವವರಿಗೆ ಟಾರ್ಚಿಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.